ಸಕ್ಕರಿ ಬ್ಯಾನಿ ಇದ್ದಾವ್ರು ಬರಿಗಾಲಲೆ ಬನಶಂಕರಿಗೆ ನಡೀಬ್ಯಾಡ್ರಿ

ಬನದ ಹುಣ್ಣಿಮಿ ಹತ್ರ ಬಂತಂದ್ರ ನಮ್ಮ ಓಣ್ಯಾಗ ಒಂದ ಮಾತು: "ಈ ಸಲ ಬರಿಗಾಲಲೆ ನಡೀತೀನ್ರಿ, ಹರಕಿ ಐತಿ." ಹೇಳಾಕಿಗೆ ಸಕ್ಕರಿ ಬ್ಯಾನಿ ಹತ್ತಿ ಹತ್ತು ವರ್ಷ ಆಗಿರತೈತಿ. ಸುತ್ತ ಕುಂತಾವ್ರು "ತಾಯಿ ಕಾಯ್ತಾಳ, ಹೋಗವಾ" ಅಂತಾರ. ನಾ ಇದನ್ನ ಒಪ್ಪೂದಿಲ್ಲ. ಯಾರರೆ ಸಿಟ್ಟಾದ್ರ ಆಗ್ರಿ.

"ನನ್ನ ಕಾಲು ಗಟ್ಟಿ ಅದಾವು, ನೋವ ಇಲ್ಲ" ಅಂತೀರಲ್ಲ, ನನಗ ಅಂಜಿಕಿ ಬರೂದು ಆ ಮಾತಿಗೇ. ರಕ್ತದಾಗ ಸಕ್ಕರಿ ವರ್ಷಾನುಗಟ್ಟಲೆ ಹೆಚ್ಚಿಗಿ ಉಳದ್ರ ಕಾಲಿನ ನರ ಕೆಡತಾವು. ಮೊದಲ ಜುಮುಜುಮು, ಉರಿ. ಆಮ್ಯಾಲ ಏನೂ ಗೊತ್ತಾಗೂದಿಲ್ಲ. ಜಾಲಿಮುಳ್ಳು ಮುರದು ಒಳಗ ಕುಂತ್ರೂ ಸುದ್ದಿ ಇಲ್ಲ, ಅಂಗಾಲಾಗ ಬೊಬ್ಬಿ ಎದ್ದು ಒಡದ್ರೂ ಸುದ್ದಿ ಇಲ್ಲ. ಕಾಲಿನ ರಕ್ತನಾಳನೂ ಸಣ್ಣಾಗಿರತಾವು, ಗಾಯ ಮಾಯಾಕ ಬೇಕಾದಷ್ಟು ರಕ್ತ ಮುಟ್ಟೂದಿಲ್ಲ. ಕೀವು ಮಾತ್ರ ಲಗೂನ ಹಿಡೀತೈತಿ. ಮುಳ್ಳಿನಿಂದ ಸುರುವಾಗಿದ್ದು ಬೆರಳು ತಗಿಯೂತನಕ, ಕೆಲವ್ರಿಗೆ ಪಾದ ತಗಿಯೂತನಕ ಹೋಗತೈತಿ.

ಅದರ ಮ್ಯಾಲ ಉಪವಾಸ! ಗ್ಲಿಮಿಪಿರೈಡ್‌ನಂಥ ಗುಳಿಗಿ ಇಲ್ಲಾ ಇನ್ಸುಲಿನ್ ತಗೊಂಡು ಖಾಲಿ ಹೊಟ್ಟಿಲೆ ನಡದ್ರ ಸಕ್ಕರಿ ಒಮ್ಮೆಲೆ ಇಳದು ಬೆವರತೀರಿ, ಕೈ ನಡಗತಾವು, ಕಣ್ಣಿಗೆ ಕತ್ತಲಿ ಬರತೈತಿ. ಆವಾಗ ಮೂರು ಚಮಚ ಸಕ್ಕರಿ ನೀರಾಗ ಕಲಸಿ ಕುಡೀಬೇಕು. ಹಂಗಂತ ತಮ್ಮ ಮನಸ್ಸಿಗೆ ಬಂದಂಗ ಗುಳಿಗಿ ಬಿಡೂದೂ ತಪ್ಪು. ಹೊಂಡೂ ಮುಂಚೆ ಡಾಕ್ಟರನ್ನ ಕೇಳ್ರಿ.

"ಹಂಗಾರ ದೇವಿನ್ನ ಬಿಡೋಣೇನು?" ಅಂದ್ರು ನಮ್ಮ ಅತ್ತಿ. ಬಿಡ್ರಿ ಅಂತ ಯಾರಂದ್ರು? ಬಾದಾಮಿಯಿಂದ 5 ಕಿಲೋಮೀಟರ ಗುಡಿ, ಬಸ್ಸದಾವು, ಟಂಟಂ ಅದಾವು. ನಡಿಯೂದ ಇದ್ರ ನಡೀರಿ, ಈ ಬ್ಯಾನಿಗೆ ನಡಿಗಿ ಚಲೋನ. ಆದ್ರ ಕಾಲಿಗೆ ರೂಢಿ ಆದ, ಬೆರಳು ಮುಚ್ಚೂ ಮೆತ್ತನ ಬೂಟು, ಸಾಕ್ಸ ಇರಲಿ. ಜಾತ್ರಿಗಂತ ತಂದ ಹೊಸಾ ಚಪ್ಪಲಿ ಹಾಕ್ಕೋಬ್ಯಾಡ್ರಿ. ಬೂಟು ಗುಡಿ ಮುಂದ ಬಿಡ್ರಿ, ಊರಾಗ ಅಲ್ಲ. ರಾತ್ರಿ ಅಂಗಾಲು ನೋಡ್ಕೋರಿ. ಬಗ್ಗಾಕ ಆಗದಿದ್ರ ಕನ್ನಡಿ ನೆಲಕ್ಕಿಡ್ರಿ, ಇಲ್ಲಾ ಮೊಮ್ಮಕ್ಕಳಿಗೆ ನೋಡಂತ ಹೇಳ್ರಿ. ದಣದ ಕಾಲು ಅಂತ ಬಿಸಿನೀರಾಗ ಇಡಬ್ಯಾಡ್ರಿ, ಸುಟ್ರೂ ಗೊತ್ತಾಗೂದಿಲ್ಲ.

ಆ ತಾಯಿ ಶಾಕಂಬರಿ. ಪಲ್ಲೇದ ಹಬ್ಬಕ್ಕ 108 ಪಲ್ಲೆ ಮಾಡಿ ಎಡಿ ಹಿಡಿಯೂ ನಾವು, ನಮ್ಮ ತಾಟಿಗೆ ಬಂದ್ರ ನಾಕು ರೊಟ್ಟಿ, ಒಂದು ಹಿಡಿ ಪಲ್ಲೆ! ಜ್ವಾಳದ ರೊಟ್ಟಿಗೆ ಲೆಕ್ಕಿಲ್ಲ ಅನ್ನೂದು ಸುಳ್ಳು, ಅದೂ ಹೊಟ್ಟ್ಯಾಗ ಹೋಗಿ ಸಕ್ಕರಿನ ಆಗತೈತಿ. ಅರ್ಧ ತಾಟು ಪಲ್ಲೆ ಇರಲಿ.

ಇನ್ನೊಂದು ಹೊಟ್ಟಿಉರಿ ಹೇಳೇ ಬಿಡ್ತೀನಿ. ಮನಿ ಗಂಡಸರ ಸಕ್ಕರಿ ಎಷ್ಟಂತ ನಮಗ ಬಾಯಿಪಾಠ. ಮೂರು ತಿಂಗಳ ಸರಾಸರಿ ತೋರಸೂ ಎಚ್‌ಬಿಎ1ಸಿ ನಿಮ್ಮದು ಎಷ್ಟೈತಿ, ಹೇಳ್ರಿ ನೋಡೋಣ? ವರ್ಷಕ್ಕೊಮ್ಮೆರೆ ಡಾಕ್ಟರ ಮುಂದ ಕಾಲು ಚಾಚೀರೇನು?

ಜಾತ್ರಿ ಹಿಂದಿನ ದಿನ ಸಂಜಿಮುಂದ ನಮ್ಮ ಕಟ್ಟಿಗೆ ಬರ್ರಿ. ಒಬ್ಬೊಬ್ಬರ ಕಾಲು ನಾನ ನೋಡಾಕಿ. ಗಾಯ ಇದ್ದಾಕಿನ್ನ, ಬೂಟಿಲ್ಲದಾಕಿನ್ನ ಹಿಡದು ಟಂಟಂ ಹತ್ತಸಾಕಿ, ಬೈದ್ರೂ ಅಡ್ಡಿಲ್ಲ.