ಅಡ್ಡ ಬಾಟಲಿ ಮತ್ತು ಹುಡುಗನ ಕೈಚೀಲ

ಸಂಜೆಯ ಹೊತ್ತಿಗೆ ಆರನೆಯ ಇಯತ್ತೆಯ ಹುಡುಗನೊಬ್ಬ ಬಟ್ಟೆಯ ಚೀಲ ಹಿಡಿದು ಊರ ಹೊರಗಿನ ದಾರಿ ಹಿಡಿದಿರುತ್ತಾನೆ. ಎದುರಾದವರು ಎಲ್ಲಿಗೆಂದು ಕೇಳುವುದಿಲ್ಲ. ಚೀಲ ಕಂಡರೆ ತಿಳಿಯುತ್ತದೆ. “ಉಳದ ಹತ್ತ ರೂಪಾಯಿ ನೀನ ಇಟಗೋ” ಎಂದು ಕಾಕಾ ಹೇಳಿ ಕಳಿಸಿರುತ್ತಾನೆ. ಅಕ್ಕಲಕೋಟ, ಜತ್ತ, ದಕ್ಷಿಣ ಸೋಲಾಪುರ ತಾಲೂಕುಗಳ ಕನ್ನಡ ಶಾಲೆಗಳ ಪಾಲಕರಿಗೆ ಈ ನೋಟ ಹೊಸದಾಗಿರಲಾರದು.

ಮಕ್ಕಳು ಕುಡಿತ ಕಲಿತರೆಂಬ ಮಾತು ಬಂದಾಗಲೆಲ್ಲ ಹಿರಿಯರು ಕೆಟ್ಟ ಸಹವಾಸವನ್ನು, ಮೊಬೈಲನ್ನು, ಸಿನಿಮಾವನ್ನು ಬೈಯುವುದು ವಾಡಿಕೆ. ಚೀಲವನ್ನು ಬೈದವರು ವಿರಳ. ಆ ಹುಡುಗನಿಗೆ ಹನ್ನೊಂದನೆಯ ವರ್ಷಕ್ಕೇ ಬಾಟಲಿಯ ಬೆಲೆ ಗೊತ್ತು, ಮಾರುವವನ ಪರಿಚಯ ಉಂಟು, ಯಾವ ಹಿಂಬಾಗಿಲು ಯಾವ ಹೊತ್ತಿಗೆ ತೆರೆದಿರುತ್ತದೆಂಬುದೂ ಗೊತ್ತು. ಮೂರು ವರ್ಷ ಕಳೆದು ಅವನು ತನಗಾಗಿಯೇ ಹೋದಾಗ ಅಲ್ಲಿ ಅವನನ್ನು ತಡೆಯುವವರು ಯಾರು? ಅವನು ಅಂಗಡಿಯ ಹಳೆಯ ಗಿರಾಕಿ.

ಕಾನೂನು ಈ ಚೀಲವನ್ನು ಹಗುರವಾಗಿ ನೋಡಿಲ್ಲ. ಬಾಲನ್ಯಾಯ ಕಾಯ್ದೆ 2015ರ 77ನೆಯ ಕಲಮು ಹದಿನೆಂಟು ತುಂಬದವರಿಗೆ ಮದ್ಯ ಕೊಡುವುದನ್ನೂ, 78ನೆಯ ಕಲಮು ಅವರಿಂದ ಮದ್ಯ ಹೊರಿಸುವುದನ್ನೂ ಮಾರಿಸುವುದನ್ನೂ ಅಪರಾಧವೆನ್ನುತ್ತವೆ. ಎರಡಕ್ಕೂ ಏಳು ವರ್ಷಗಳವರೆಗೆ ಕಠಿಣ ಸೆರೆವಾಸ, ಒಂದು ಲಕ್ಷ ರೂಪಾಯಿಯವರೆಗೆ ದಂಡ. ಅಂಗಡಿಕಾರನಿಗೊಂದು, ಕಾಕಾನಿಗೊಂದು ಎಂಬ ಭೇದ ಅಲ್ಲಿಲ್ಲ. ಮಹಾರಾಷ್ಟ್ರದಲ್ಲಿ ಬಿಯರಿಗೆ 21, ವಿಸ್ಕಿ ರಮ್ಮುಗಳಂಥ ಕಡು ಮದ್ಯಕ್ಕೆ 25 ವರ್ಷ ತುಂಬಿರಬೇಕು. ಮದುವೆಯ ವರಾತಿಯಲ್ಲಿ ಡಿಜೆಯ ಮುಂದೆ ಕುಣಿಯುವ ಹತ್ತನೆಯ ಇಯತ್ತೆಯ ಹುಡುಗರಿಗೆ ತಂಪು ಪಾನೀಯದಲ್ಲಿ ಬೆರೆಸಿ ಕೊಟ್ಟು “ಇವತ್ತೊಂದ ದಿನ” ಎನ್ನುವ ಬೀಗರಿಗೆ ಈ ಅಂಕೆಗಳ ನೆನಪಿರುವುದಿಲ್ಲ. ಚಿಕ್ಕ ವಯಸ್ಸಿನಲ್ಲಿ ಆರಂಭಿಸಿದವರೇ ಮುಂದೆ ವ್ಯಸನಕ್ಕೆ ಹೆಚ್ಚಾಗಿ ಬೀಳುತ್ತಾರೆ. ಹರೆಯದ ಮೆದುಳು ಬೆಳೆದು ಮುಗಿಯುವುದು ಇಪ್ಪತ್ತು ದಾಟಿದ ಮೇಲೆ.

ಒಂದೇ ಮನೆ ಈ ಚೀಲವನ್ನು ನಿಲ್ಲಿಸಿದರೆ ಸಾಲದು. ತನ್ನ ಮಗನನ್ನು ಕಳಿಸದ ತಾಯಿಯ ಮಗನನ್ನು ನೆರೆಯವನು ಕಳಿಸುತ್ತಾನೆ. ಇನ್ನೊಂದು ತೊಡಕು ನಾಚಿಕೆಯದು. ಮಗನ ಬಾಯಿಂದ ವಾಸನೆ ಬಂದ ರಾತ್ರಿ ತಾಯಿ ಅದನ್ನು ಯಾರಿಗೂ ಹೇಳುವುದಿಲ್ಲ. ಮೂರು ಮನೆ ಆಚೆಯ ತಾಯಿಯೂ ಅದೇ ರಾತ್ರಿ ಅದನ್ನೇ ಮುಚ್ಚಿಟ್ಟಿರುತ್ತಾಳೆ. ಇಬ್ಬರೂ ಶಾಲೆಯ ಸಭೆಗೆ ಬಂದು ಅಕ್ಕಪಕ್ಕ ಕುಳಿತು ಎದ್ದು ಹೋಗುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆಯಂತೆ ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಗೋಡೆಯ ಸುಣ್ಣ, ಶೌಚಾಲಯದ ನೀರು ಇವುಗಳಿಗೆ ಮೀಸಲಾದ ಆ ಸಭೆ ಒಮ್ಮೆಯಾದರೂ ಈ ವಿಷಯವನ್ನು ಬಾಯಿಬಿಟ್ಟು ಆಡಿದರೆ, ಊರಿನ ಯಾವ ಮಗುವನ್ನೂ ಯಾರೂ ಈ ಕೆಲಸಕ್ಕೆ ಕಳಿಸಬಾರದೆಂಬ ಮಾತು ಅಲ್ಲಿಯೇ ನಿಲ್ಲಬಹುದು. ಒಬ್ಬರ ಮಗ ತಪ್ಪಿದಾಗ ಇನ್ನೊಬ್ಬರು ಬೀದಿಯಲ್ಲಿ ಕೂಗಾಡದೆ ಮನೆಗೆ ಬಂದು ತಿಳಿಸುವ ರೂಢಿಯೂ ಬರಬಹುದು. ಹುಡುಗನನ್ನು ಹೊಡೆದು ಹೊರಗಟ್ಟಿದರೆ ಅವನಿಗೆ ಉಳಿಯುವ ತಾವು ಆ ಅಂಗಡಿಯ ಕಟ್ಟೆಯೊಂದೇ.

ಅಂಗಡಿಯನ್ನೇ ಮುಚ್ಚಿಸುವ ದಾರಿಯೂ ಈ ರಾಜ್ಯದಲ್ಲಿದೆ. 2008ರ ಸರಕಾರಿ ಆದೇಶದಂತೆ ಊರಿನ ಮಹಿಳಾ ಮತದಾರರಲ್ಲಿ ನೂರಕ್ಕೆ 25 ಮಂದಿ ಸಹಿ ಮಾಡಿ ಬೇಡಿಕೆಯಿಟ್ಟರೆ, ಸಹಿಗಳ ತಪಾಸಣೆಯ ನಂತರ ಗುಪ್ತ ಮತದಾನ ನಡೆಯುತ್ತದೆ. ಮತಪತ್ರಿಕೆಯಲ್ಲಿ ಎರಡೇ ಚಿತ್ರ: ನಿಂತ ಬಾಟಲಿ, ಅಡ್ಡ ಬಾಟಲಿ. ಅಂಗಡಿ ಇರಲಿ ಎನ್ನುವವರು ನಿಂತದ್ದಕ್ಕೆ, ಬೇಡವೆನ್ನುವವರು ಅಡ್ಡ ಬಿದ್ದದ್ದಕ್ಕೆ ಗುರುತು ಹಾಕಬೇಕು. ಕಚೇರಿಯ ಕಾಗದಗಳೆಲ್ಲ ಮರಾಠಿಯಲ್ಲಿರುವ ಸೀಮೆಯಲ್ಲಿ ಕನ್ನಡದ ಅಜ್ಜಿಗೂ ಯಾರ ಸಹಾಯವಿಲ್ಲದೆ ಓದಲು ಬರುವ ಸರಕಾರಿ ಕಾಗದ ಇದೊಂದೇ ಇರಬೇಕು! ಬೇಡಿಕೆಯ ಅರ್ಜಿಯ ಮಾತು ಬೇರೆ. ಅದನ್ನು ಮರಾಠಿಯಲ್ಲಿ ಬರೆದು, ಏನು ಬರೆದಿದೆಯೆಂದು ಕನ್ನಡದಲ್ಲಿ ಓದಿ ಹೇಳಿ ಸಹಿ ಹಾಕಿಸಲು ಓದುಬಲ್ಲ ಹೆಣ್ಣುಮಕ್ಕಳು ಮುಂದೆ ಬರಬೇಕಾಗುತ್ತದೆ.

ಗೆಲ್ಲುವುದು ಸುಲಭವಲ್ಲ. ಬಂದು ಮತ ಹಾಕಿದವರಲ್ಲಿ ಹೆಚ್ಚಿನವರು ಬೇಡವೆಂದರೆ ಸಾಲದು. ಯಾದಿಯಲ್ಲಿರುವ ಒಟ್ಟು ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅಡ್ಡ ಬಾಟಲಿಗೆ ಮತ ಕೊಟ್ಟಿರಬೇಕು. ಒಂದೂರಿನಲ್ಲಿ 900 ಮಹಿಳಾ ಮತದಾರರಿದ್ದಾರೆಂದು ಹಿಡಿಯೋಣ. 225 ಸಹಿಗಳು ಕೂಡಿದವು. ಮತದಾನದ ದಿನ 500 ಮಂದಿ ಬಂದು, 440 ಮಂದಿ ಅಡ್ಡ ಬಾಟಲಿಗೆ, 60 ಮಂದಿ ನಿಂತ ಬಾಟಲಿಗೆ ಮತ ಕೊಟ್ಟರು. ಆದರೂ ಅಂಗಡಿ ಉಳಿಯುತ್ತದೆ, ಏಕೆಂದರೆ 451 ಮತ ಬೀಳಲಿಲ್ಲ. ಮನೆಯಲ್ಲಿ ಉಳಿದವಳ ಮತವೂ, ಊರಲ್ಲಿಲ್ಲದವಳ ಮತವೂ ಸುಮ್ಮನೆ ನಿಂತ ಬಾಟಲಿಯ ಲೆಕ್ಕಕ್ಕೆ ಸೇರುತ್ತವೆ.

ಊರಲ್ಲಿಲ್ಲದವರ ಸಂಖ್ಯೆ ಈ ಸೀಮೆಯಲ್ಲಿ ಚಿಕ್ಕದಲ್ಲ. ದೀಪಾವಳಿಯ ಆಸುಪಾಸಿಗೆ ಜತ್ತ ಭಾಗದಿಂದ ಕಬ್ಬು ಕಡಿಯುವ ಜೋಡಿಗಳು ಗಂಟುಮೂಟೆ ಕಟ್ಟಿ ಹೊರಡುತ್ತವೆ. ಮರಳುವುದು ಬೇಸಗೆ ಏರಿದ ಮೇಲೆ. ಮಕ್ಕಳು ಅಜ್ಜಿಯ ಬಳಿ ಇಲ್ಲವೆ ಹಂಗಾಮಿ ವಸತಿಗೃಹದಲ್ಲಿ ಉಳಿಯುತ್ತಾರೆ. ಚೀಲ ಕೊಟ್ಟು ಕಳಿಸುವವರಿಗೆ ಅನುಕೂಲವಾದ ತಿಂಗಳುಗಳು ಅವೇ, ಏಕೆಂದರೆ ಆ ಮಕ್ಕಳ ಪರವಾಗಿ ಬಂದು ಕೇಳುವವರಿರುವುದಿಲ್ಲ. ಮಗನಿಗಾಗಿ ಅಡ್ಡ ಬಾಟಲಿಗೆ ಗುರುತು ಹಾಕಬೇಕಾದ ತಾಯಿ ಆಗ ಯಾವುದೋ ಸಕ್ಕರೆ ಕಾರಖಾನೆಯ ಬಯಲಿನ ಕೊಪ್ಪಿಯಲ್ಲಿರುತ್ತಾಳೆ.

ಲೈಸನ್ಸಿನ ಅಂಗಡಿ ಮುಚ್ಚಿದರೂ ಕಪ್ಪು ಬೆಲ್ಲ, ನವಸಾಗರಗಳ ಹಾತಭಟ್ಟಿ ಉಳಿಯಿತೆಂಬ ಆಕ್ಷೇಪ ನಿಜವೇ. ಸೋಲಾಪುರ ಗ್ರಾಮೀಣ ಪೊಲೀಸರು ಅಂದಿನ ವರಿಷ್ಠಾಧಿಕಾರಿ ತೇಜಸ್ವಿ ಸಾತಪುತೆಯವರ ಮುಂದಾಳುತನದಲ್ಲಿ 2021ರಲ್ಲಿ ಕೈಗೊಂಡ ‘ಆಪರೇಷನ್ ಪರಿವರ್ತನ’ ಇದನ್ನು ಬೇರೆ ಬಗೆಯಿಂದ ನೋಡಿತು. ತಾಂಡಾಗಳಲ್ಲಿ ಭಟ್ಟಿ ಒಡೆಯುವುದರ ಜೊತೆಗೆ, ಭಟ್ಟಿ ಬಿಟ್ಟ ಕುಟುಂಬಗಳಿಗೆ ಬೇರೆ ಉದ್ಯೋಗ ಹಿಡಿಯಲು ನೆರವಾಗುವುದನ್ನೂ ಪೊಲೀಸರ ಕೆಲಸವಾಗಿಸಿತು. ಭಟ್ಟಿಯ ಮನೆಯಲ್ಲಿಯೂ ಶಾಲೆಗೆ ಹೋಗುವ ಮಕ್ಕಳಿರುತ್ತಾರೆ. ಪಾಲಕರ ಸಭೆಗೆ ಆ ಮನೆಯ ತಾಯಿಯನ್ನೂ ಕರೆಯಬೇಕು, ಅವಳನ್ನು ಎದುರಿಗೆ ನಿಲ್ಲಿಸಿ ಬೈಯಲು ಕರೆಯಬಾರದು.

ಹಾಗಾಗಿ ಸಹಿ ಕೂಡಿಸುವ ಕಾಲವನ್ನು ಆರಿಸಿಕೊಳ್ಳುವುದೇ ಅರ್ಧ ಕೆಲಸ. ಚಳಿಗಾಲದಲ್ಲಿ ಮತದಾನಕ್ಕೆ ಇಳಿದರೆ ಸೋಲು ಮೊದಲೇ ಬರೆದಂತೆ. ಯಾದಿಯನ್ನು ಈಗಲೇ ತರಿಸಿ, ತೀರಿಕೊಂಡವರ ಮತ್ತು ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರುಗಳನ್ನು ತೆಗೆಸಲು ಅರ್ಜಿ ಕೊಡಬಹುದು, ಏಕೆಂದರೆ ಆ ಹೆಸರುಗಳೂ ನಿಂತ ಬಾಟಲಿಗೇ ಎಣಿಕೆಯಾಗುತ್ತವೆ. ಕಬ್ಬಿನ ಗಾಡಿಗಳು ಯುಗಾದಿಯ ಹೊತ್ತಿಗೆ ಊರು ಸೇರುತ್ತವೆ. ಮಳೆ ಬಿದ್ದು ಬಿತ್ತಿಗೆ ಶುರುವಾಗುವವರೆಗೆ ಎಲ್ಲ ತಾಯಂದಿರೂ ಊರಲ್ಲಿರುವುದು ಎರಡು ತಿಂಗಳು ಮಾತ್ರ.