ಸೂರಿನ ಗಾರೆ ಉದುರಿದರೆ...



ದಿನಾ ನೆಲ ಒರೆಸುತ್ತೇವೆ, ಗೋಡೆ ನೋಡುತ್ತೇವೆ. ಕತ್ತೆತ್ತಿ ಸೂರು ನೋಡುವುದು ಮಾತ್ರ ಜೇಡರ ಬಲೆ ಹೊಡೆಯುವಾಗ, ಅಲ್ಲವೇ? ನಾನೂ ಹಾಗೇ ಇದ್ದೆ.

ನಮ್ಮ ನಡುಮನೆಯ ತಾರಸಿಯ ಒಳಮೈಯಲ್ಲಿ ಅಂಗೈಯಗಲ ತೇವದ ಕಲೆ ಕಾಣಿಸಿತು. ಗೌರಿ ಹಬ್ಬ ಹತ್ತಿರ ಬಂತು ಅಂತ ಉಬ್ಬಿದ ಜಾಗಕ್ಕೆ ಒಂದಿಷ್ಟು ಸಿಮೆಂಟು ಮೆತ್ತಿಸಿ ಸುಣ್ಣ ಹೊಡೆಸಿದೆ. ಮುಂದಿನ ಆಷಾಢದ ಮಳೆಯಲ್ಲಿ ಒಂದು ಬೆಳಗ್ಗೆ ಧಡಾರನೆ ಸದ್ದು! ಮೊರದಗಲ ಗಾರೆ ಅತ್ತೆಯವರ ದಿಂಬಿನ ಮೇಲೇ ಬಿದ್ದಿತ್ತು. ಅವರು ತುಳಸಿಗೆ ನೀರೆರೆಯಲು ಎದ್ದು ಹೋಗಿ ಐದು ನಿಮಿಷವೂ ಆಗಿರಲಿಲ್ಲ. ಅಂದು ಕಲಿತದ್ದನ್ನು ನಿಮಗೂ ಹೇಳುತ್ತೇನೆ.

ಮೊದಲು ನೀರು ಎಲ್ಲಿಂದ ಬರುತ್ತದೆ ನೋಡಿ. ಮಾಳಿಗೆ ಹತ್ತಿ, ಮಳೆನೀರು ಹೋಗುವ ಕೊಳವೆಯಲ್ಲಿ ತರಗೆಲೆ ಕಟ್ಟಿದೆಯೇ, ಕೈಪಿಡಿ ಗೋಡೆಯ ಬುಡ ಬಿರುಕು ಬಿಟ್ಟಿದೆಯೇ, ನೀರಿನ ಟ್ಯಾಂಕು ಸೋರುತ್ತಿದೆಯೇ ಪರೀಕ್ಷಿಸಿ. ಮೇಲಿನ ಸೋರಿಕೆ ನಿಲ್ಲಿಸದೆ ಕೆಳಗೆ ಎಷ್ಟು ಮೆತ್ತಿದರೂ ಹಣ ದಂಡ.

ಎರಡನೆಯದು, ಪಕ್ಕಕ್ಕೆ ನಿಂತು ಉದ್ದ ಕೋಲಿನಿಂದ ಸೂರನ್ನು ಮೆಲ್ಲಗೆ ತಟ್ಟಿ. ಗಟ್ಟಿ ಜಾಗ ಗಟ್ಟಿಯಾಗಿ ಸದ್ದು ಕೊಡುತ್ತದೆ. ಬಿಟ್ಟುಕೊಂಡ ಜಾಗ ಖಾಲಿ ಡಬ್ಬದಂತೆ ಡಬಡಬ ಅನ್ನುತ್ತದೆ. ಅದರ ಕೆಳಗೆ ಯಾರನ್ನೂ ಮಲಗಿಸಬೇಡಿ, ಮಗುವಿನ ತೊಟ್ಟಿಲನ್ನಂತೂ ಬೇಡವೇ ಬೇಡ.

ಮೂರನೆಯದು, ಉದುರಿದಲ್ಲಿ ಕಬ್ಬಿಣದ ಸರಳು ಕಾಣುತ್ತದೆಯೇ? ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನೇ ಸೀಳುತ್ತದೆ. ಸರಳು ಕಂಡರೆ, ತಾರಸಿ ಜಗ್ಗಿದ್ದರೆ, ಉದ್ದನೆಯ ಬಿರುಕಿದ್ದರೆ ಅದು ನಮ್ಮ ಕೈ ಕೆಲಸವಲ್ಲ. ಇಂಜಿನಿಯರರನ್ನು ಕರೆದು ತೋರಿಸಿ. ನಮ್ಮಲ್ಲಿ ಆದದ್ದೂ ಇದೇ. ಹಬ್ಬದ ಸುಣ್ಣ ತುಕ್ಕನ್ನು ಮುಚ್ಚಿತ್ತು, ಅಷ್ಟೇ.

ಬರೀ ಗಾರೆ ಉದುರಿದ್ದು, ತಟ್ಟೆಯಗಲದ ಜಾಗವಾದರೆ ಮನೆಯಲ್ಲೇ ಸರಿಮಾಡಬಹುದು. ತೇವ ಪೂರ್ತಿ ಆರಲಿ. ಹತ್ತಿರ ದೀಪ, ಫ್ಯಾನು ಇದ್ದರೆ ಮೇನ್ ಸ್ವಿಚ್ ಆರಿಸಿ. ಅಲುಗದ ಮೇಜಿನ ಮೇಲೆ ನಿಲ್ಲಿ, ಒಬ್ಬರು ಹಿಡಿದುಕೊಳ್ಳಲಿ. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ, ಕೈಗೆ ರಬ್ಬರ್ ಗವಸು ಇರಲಿ. ಸಡಿಲ ಗಾರೆಯನ್ನೆಲ್ಲ ಕೆರೆದು, ತಂತಿ ಬ್ರಷ್‌ನಿಂದ ಉಜ್ಜಿ, ನೀರು ಚಿಮುಕಿಸಿ. ಸಿಮೆಂಟನ್ನು ದೋಸೆ ಹಿಟ್ಟಿನಂತೆ ಕದಡಿ ಬಳಿಯಿರಿ. ಅದು ಹಸಿಯಿರುವಾಗಲೇ, 1 ಪಾಲು ಸಿಮೆಂಟಿಗೆ 3 ಪಾಲು ಜರಡಿ ಹಿಡಿದ ಮರಳು ಗಟ್ಟಿಯಾಗಿ ಕಲಸಿ ಕರಣೆಯಿಂದ ಒತ್ತಿ ಹಚ್ಚಿ. ಒಂದು ಸಲಕ್ಕೆ ಕಾಲು ಅಂಗುಲ ಸಾಕು. ಇನ್ನೂ ಆಳವಿದ್ದರೆ ಮೊಳೆಯಿಂದ ಗೀರೆಳೆದು, ಮಾರನೆಯ ದಿನ ಇನ್ನೊಂದು ಪದರ ಹಾಕಿ. 7 ದಿನ ದಿನಕ್ಕೆ ಮೂರು ಬಾರಿ ನೀರು ಸಿಂಪಡಿಸಿ. ಚೆನ್ನಾಗಿ ಒಣಗಿದ ಮೇಲೆಯೇ ಬಣ್ಣ.

ಮರದ ತೊಲೆಯ ಮೇಲೆ ಇಟ್ಟಿಗೆ ಜೋಡಿಸಿದ ಹಳೆಯ ಮದ್ರಾಸ್ ತಾರಸಿ ನಿಮ್ಮದಾದರೆ ಸಿಮೆಂಟು ಬೇಡ. ಸುಣ್ಣದ ಗಾರೆಗೆ ಸುಣ್ಣದ ಗಾರೆಯೇ ಹೊಂದುತ್ತದೆ. ಸಿಮೆಂಟು ತೇವವನ್ನು ಹೊರಬಿಡದೆ ಒಳಗೇ ಹಿಡಿದಿಡುತ್ತದೆ. ತೊಲೆಗೆ ಗೆದ್ದಲು ಹತ್ತಿದೆಯೇ ಎಂದೂ ನೋಡಿಸಿ.

ನಮ್ಮ ತಾರಸಿ ಈಗ ಸರಿಯಾಗಿದೆ. ಹಬ್ಬದ ಸೀರೆಗೆಂದು ಇಟ್ಟ ದುಡ್ಡು ಅದಕ್ಕೇ ಹೋಯಿತು. ಆದರೂ ಅತ್ತೆಯವರು ಮಲಗುವ ಮುಂಚೆ ಒಮ್ಮೆ ಮೇಲೆ ನೋಡುತ್ತಾರೆ, ನಾನೂ ನೋಡುತ್ತೇನೆ. ಇವತ್ತು ಕೆಲಸ ಮುಗಿದ ಮೇಲೆ ನೀವೂ ಒಂದು ಕೋಲು ಹಿಡಿದು ಸೂರು ತಟ್ಟಿ ನೋಡಿ.