ನಾಲ್ಕನೇ ತರಗತಿಗೆ ಬಂದ ಕೂಡಲೇ ಬೆಂಚು



ಗಮನ ನಿಲ್ಲದ ಮಕ್ಕಳ ಮಾತು ಬಂದರೆ ‘ಮೊದಲು ಕೈಕಟ್ಟಿ ಕೂರಲು ಕಲಿಸಿ’ ಎನ್ನುವವರೇ ಹೆಚ್ಚು. ಅವರು ಸರ್ಕಾರಿ ಶಾಲೆಯ ನಲಿಕಲಿ ಕೊಠಡಿಯನ್ನೊಮ್ಮೆ ನೋಡಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಮಗು ತಾನೇ ಎದ್ದುಹೋಗಿ ತನ್ನ ಕಾರ್ಡು ತರುತ್ತದೆ, ಗುಂಪಿನಲ್ಲಿ ಕೂರುತ್ತದೆ, ಗೋಡೆಯಲ್ಲಿ ಕೈಗೆಟಕುವ ಎತ್ತರದಲ್ಲಿರುವ ಕಪ್ಪುಹಲಗೆಯ ಮೇಲೆ ಬರೆದು ಅಳಿಸುತ್ತದೆ. ಎಡಿಎಚ್‌ಡಿ (ಗಮನ ಕೊರತೆ, ಅತಿ ಚಟುವಟಿಕೆಯ ತೊಂದರೆ) ಇರುವ ಮಗುವಿಗೆ ಬೇಕಾದದ್ದೂ ಇದೇ: ಚಿಕ್ಕಚಿಕ್ಕ ಕೆಲಸ, ನಡುವೆ ಓಡಾಟ, ಮಾಡಿದ್ದು ಸರಿಯೋ ತಪ್ಪೋ ಎಂದು ಕೂಡಲೇ ತಿಳಿಯುವುದು.

ನಲಿಕಲಿ ಮುಗಿದು ನಾಲ್ಕನೇ ತರಗತಿಗೆ ಬಂದರೆ ಬೆಂಚು, ಪುಸ್ತಕ, ಉದ್ದುದ್ದ ಪಾಠ. ಏಳರ ಮಗ್ಗಿಗೆ ತಡವರಿಸುತ್ತಿದ್ದ ನನ್ನ ವಿದ್ಯಾರ್ಥಿಯೊಬ್ಬ ಅಂಗಳದ ಕುಂಟೆಬಿಲ್ಲೆಯ ಮನೆಗಳಲ್ಲಿ ನಾನು ಏಳು, ಹದಿನಾಲ್ಕು, ಇಪ್ಪತ್ತೊಂದು ಬರೆದುಕೊಟ್ಟಾಗ ಕುಪ್ಪಳಿಸುತ್ತಲೇ ಎಪ್ಪತ್ತರವರೆಗೆ ಒಪ್ಪಿಸಿಬಿಟ್ಟ.

ಹಾಗೆಂದು ‘ಇವನು ನೋಡಿ ಕಲಿಯುವವನು, ಅವಳು ಕೇಳಿ ಕಲಿಯುವವಳು’ ಎಂದು ಹಣೆಪಟ್ಟಿ ಅಂಟಿಸುವ ಈಗಿನ ಖಯಾಲಿ ನನಗೆ ಒಪ್ಪಿಗೆಯಿಲ್ಲ. ಅಂಥ ವಿಂಗಡಣೆಗೆ ತಕ್ಕಂತೆ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲವೆಂದು ಅಮೆರಿಕದ ಮನೋವಿಜ್ಞಾನಿಗಳು 2008ರಲ್ಲೇ ಬರೆದಿದ್ದಾರೆ. ಒಂದೇ ಪಾಠ ಕಣ್ಣು, ಕಿವಿ, ಕೈಕಾಲು ಎಲ್ಲದರ ಮೂಲಕವೂ ಎಲ್ಲ ಮಕ್ಕಳಿಗೆ ಸಿಗಲಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ 21 ಬಗೆಯ ಅಂಗವೈಕಲ್ಯಗಳಲ್ಲಿ ಕಲಿಕಾ ನ್ಯೂನತೆಯ ಹೆಸರಿದೆ. ಎಡಿಎಚ್‌ಡಿಯ ಹೆಸರು ಪ್ರತ್ಯೇಕವಾಗಿಲ್ಲ. ಆದರೆ ಈ ಮಕ್ಕಳಿಗೆ ನೆರವಾಗಲು ಕಾಯ್ದೆ ಬದಲಾಗುವವರೆಗೆ ಕಾಯಬೇಕಿಲ್ಲ. ನಾಲ್ಕು, ಐದನೇ ತರಗತಿಗಳಿಗೂ ಕಾರ್ಡು, ಗೋಡೆ ಹಲಗೆ ಕೊಡಲು ಶಿಕ್ಷಣ ಇಲಾಖೆಯ ಒಂದು ಸುತ್ತೋಲೆ ಸಾಕು.

– ಒಬ್ಬ ಶಿಕ್ಷಕಿ, ಹಾಸನ ಜಿಲ್ಲೆ